ಕಿವಿಯಮ್ಮನ ಕೋಣೆಗೆ ಹೊಕ್ಕ ಜೀರುಂಡೆ

ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಆ ಆಸ್ಪತ್ರೆಯಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಡಾಕ್ಟರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಕಿವಿಯಮ್ಮ. ಬಂದವರ ಕಿವಿ ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂದು ಅಳೆದು, ಕಾಗದದ ಮೇಲೆ ಗೆರೆ ಎಳೆದು ಕೊಡುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದಳು. ಅವಳು ಎಳೆದ ಗೆರೆಯನ್ನು ದೊಡ್ಡ ಡಾಕ್ಟರೂ ಒಮ್ಮೆಯೂ ಪ್ರಶ್ನಿಸಿದ್ದಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ಅಲ್ಲಿಯವರೆಗೆ ಆ ಹೆಸರಿಗೆ ಒಂದು ಕಪ್ಪುಚುಕ್ಕೆ ಬೀಳದಿದ್ದರೆ ಸಾಕು, ಮತ್ತೇನೂ ಬೇಡ ಎನ್ನುತ್ತಿದ್ದಳು.

ಅವಳ ಕೋಣೆಯೊಳಗೆ ಇನ್ನೊಂದು ಕೋಣೆಯಿತ್ತು. ಅದು ದೊಡ್ಡ ಬೀರುವಿನಂಥ ಒಂದು ಪೆಟ್ಟಿಗೆ. ಗೇಣುದಪ್ಪದ ಬಾಗಿಲು, ಸಣ್ಣ ಸಣ್ಣ ತೂತಿನ ಗೋಡೆ, ಗೋಡೆಯೊಳಗೆ ಹೊರಗಿನ ಸದ್ದನ್ನೆಲ್ಲ ನುಂಗುವ ಹತ್ತಿಯಂಥ ಪದರ. ರೋಗಿಯನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು ಬಾಗಿಲು ಜಡಿಯುತ್ತಿದ್ದಳು. ಆಮೇಲೆ ಗಾಜಿನ ಈಚೆ ಮೆಷಿನ್ ಮುಂದೆ ಕುಳಿತು ಒಂದೊಂದೇ ಸದ್ದು ಕಳಿಸುವುದು. ದಪ್ಪ ಸದ್ದು, ತೆಳು ಸದ್ದು, ಜೋರಾದದ್ದು, ಇರುವೆ ನಡೆದಷ್ಟು ಮೆಲ್ಲಗಿನದು. ಕೇಳಿದರೆ ಗುಂಡಿ ಒತ್ತಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಒತ್ತಿದಾಗ ಇವಳ ಮುಂದೆ ಕೆಂಪು ದೀಪ ಹತ್ತುತ್ತಿತ್ತು. ಅಷ್ಟೇ ವಿದ್ಯೆ. ಆದರೆ ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ ಎನ್ನುವುದನ್ನು ಅವಳೂ ಒಪ್ಪುತ್ತಿದ್ದಳು.

ಮೂಗಿನ ತುದಿಯಲ್ಲೇ ಕೋಪ. ಕಿವಿಗೆ ಮೆಷಿನ್ ಹಾಕಿಕೊಳ್ಳಲು ನಾಚುವವರನ್ನು ಕಂಡರಂತೂ ಅವಳಿಗೆ ಮೈ ಉರಿಯುತ್ತಿತ್ತು. "ಕಣ್ಣಿಗೆ ಕನ್ನಡಕ ಹಾಕ್ಕೊಂಡು ಮದುಮಗನ ಹಾಗೆ ಬರ್ತೀರಿ, ಕಿವಿಗೆ ಹಾಕ್ಕೊಳ್ಳಿ ಅಂದ್ರೆ ಯಾಕೆ ತಲೆ ತಗ್ಗಿಸ್ತೀರಿ? ಕಿವಿ ಏನು ಮಲತಾಯಿ ಮಗನಾ?" ಎಂದು ಎಂಥೆಂಥವರನ್ನೋ ಬೈದು ದಾರಿಗೆ ತಂದಿದ್ದಳು. ಬೈಸಿಕೊಂಡವರೇ ಆಮೇಲೆ ಹೊಸ ಕಿವಿಯ ಖುಷಿಯಲ್ಲಿ ಹಣ್ಣು ಹಿಡಿದು ಬರುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಮುಚ್ಚಿಡಬಾರದು. ದಿನಾ ಬೆಳಗ್ಗೆ ರೋಗಿಗಳು ಬರುವ ಮೊದಲು ಹೆಡ್‌ಫೋನನ್ನು ತನ್ನ ಕಿವಿಗೇ ಹಾಕಿಕೊಂಡು, ಮೆಷಿನ್ ಎಲ್ಲ ಸದ್ದನ್ನೂ ಸರಿಯಾಗಿ ಕೊಡುತ್ತಿದೆಯೇ ಎಂದು ನೋಡುವುದು ಅವಳ ಪದ್ಧತಿ. ಆ ವಿದ್ಯೆಯವರೆಲ್ಲ ಹಾಗೆಯೇ ಮಾಡುತ್ತಾರೆ, ತಕ್ಕಡಿ ಇರುವವನು ಬೆಳಗ್ಗೆ ಒಮ್ಮೆ ಖಾಲಿ ತಟ್ಟೆ ನೋಡಿಕೊಳ್ಳುವ ಹಾಗೆ. ಹೋದ ವರ್ಷದಿಂದ ತೆಳುವಾದ ಸದ್ದುಗಳು ತೀರ ಸೊರಗಿದಂತೆ ಅನ್ನಿಸತೊಡಗಿದವು. ಮೆಷಿನ್ ಕೆಟ್ಟಿದೆ ಎಂದು ದೂರಿನ ಪುಸ್ತಕದಲ್ಲಿ ಬರೆದಳು. ರಿಪೇರಿಯವನು ಬಂದು ವೈರನ್ನೆಲ್ಲ ಕಿತ್ತು, ಪರೀಕ್ಷಿಸಿ, ಮತ್ತೆ ಹಾಕಿ, "ಸರಿಯಾಗೇ ಇದೆ ಅಮ್ಮಾ" ಎಂದ. ಎರಡು ತಿಂಗಳು ಬಿಟ್ಟು ಮತ್ತೆ ಕರೆಸಿದಳು. ಮತ್ತೆ ಕಿತ್ತ, ಮತ್ತೆ ಹಾಕಿದ. "ಅಮ್ಮಾ, ನನ್ನ ತಾಯಾಣೆಗೂ ಮೆಷಿನ್‌ನಲ್ಲಿ ಏನೂ ಇಲ್ಲ" ಎಂದ. "ಮೂವತ್ತೊಂದು ವರ್ಷದ ಕಿವಿ ಇದು, ನೀನು ನನಗೆ ಹೇಳಿಕೊಡ್ತೀಯಾ? ಹೊರಗೆ ರೋಗಿಗಳು ಕಾಯ್ತಿದ್ದಾರೆ, ಬೇಗ ಮುಗಿಸಿ ನಡಿ" ಎಂದು ಅಟ್ಟಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅದು ಆಗ ಅವಳಿಗೆ ಗೊತ್ತಿರಲಿಲ್ಲ. ನಮಗೂ ಯಾಕೆ ಈಗಲೇ ಅವಸರ.

ಚಳಿ ಹತ್ತಿರ ಬರುತ್ತಿದ್ದ ಒಂದು ಸೋಮವಾರ. ಬೆಳಗ್ಗೆ ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ತಂಪು. ಮೊದಲು ಬಂದವನು ಸಿಟಿ ಬಸ್ಸಿನ ಡ್ರೈವರ್. ಹದಿನೆಂಟು ವರ್ಷದಿಂದ ಒಂದೇ ರೂಟಿನಲ್ಲಿ ಬಸ್ ಓಡಿಸಿದವನು. ಐದು ವರ್ಷಕ್ಕೊಮ್ಮೆ ಕಿವಿ ಸರಿಯಿದೆ ಎಂದು ಇವಳಿಂದ ಬರೆಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಬಸ್ ಮುಟ್ಟುವಂತಿಲ್ಲ. ಪೆಟ್ಟಿಗೆಯೊಳಗೆ ಕೂರಿಸಿ ಬಾಗಿಲು ಹಾಕಿದಳು. ಮೊದಲ ಐದು ನಿಮಿಷ ಎಲ್ಲ ಸರಿಯಾಗಿತ್ತು. ಆಮೇಲೆ ಇವಳು ಸದ್ದು ಕಳಿಸದೇ ಇದ್ದಾಗಲೂ ಕೆಂಪು ದೀಪ ಪಕ್ ಪಕ್ ಎಂದು ಹತ್ತತೊಡಗಿತು.

ಬಾಗಿಲು ತೆರೆದು, "ಏನ್ರೀ, ಕೇಳಿದಾಗ ಮಾತ್ರ ಒತ್ತಿ ಅಂತ ಹೇಳಲಿಲ್ವಾ?" ಎಂದಳು.

"ಕೇಳಿದ್ದಕ್ಕೇ ಒತ್ತಿದ್ದು ಅಮ್ಮಾ."

"ನಾನು ಕಳಿಸ್ದೆ ನಿಮಗೆ ಹೇಗ್ರೀ ಕೇಳುತ್ತೆ?"

"ಅದನ್ನ ನೀವೇ ಹೇಳ್ಬೇಕು. ಸದ್ದು ಬಂತು, ಒತ್ತಿದೆ."

ಮತ್ತೆ ಮಾಡಿದಳು. ಮತ್ತೆ ಅದೇ ಕಥೆ. ಕಿವಿ ಕೇಳದವರು ಹೀಗೆ ಅಂದಾಜಿನ ಮೇಲೆ ಗುಂಡಿ ಒತ್ತಿ ಪಾಸಾಗಲು ನೋಡುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕಾಗದದ ಕೆಳಗೆ 'ಉತ್ತರಗಳು ನಂಬಲರ್ಹವಲ್ಲ' ಎಂದು ಬರೆದು ಸಹಿ ಹಾಕಿದಳು. ಡ್ರೈವರ್ ಅದನ್ನು ಓದಿ ಬೆಪ್ಪಾದ. "ಇದನ್ನ ತಗೊಂಡ್ಹೋದ್ರೆ ನನ್ನನ್ನ ಡಿಪೋದಲ್ಲಿ ಮೂಲೆಗೆ ಕೂರಿಸ್ತಾರೆ ಅಮ್ಮಾ. ಬಸ್ಸು ಕೊಡಲ್ಲ" ಎಂದ. "ಶುಕ್ರವಾರ ಬನ್ನಿ, ಇನ್ನೊಂದು ಸಲ ನೋಡೋಣ. ಆಗಲಾದ್ರೂ ನಿಯತ್ತಾಗಿ ಒತ್ತಿ" ಎಂದಳು. ಅವನು ಬಾಗಿಲ ಹತ್ತಿರ ಹೋಗಿ, ಬೆನ್ನು ತಿರುಗಿಸಿಯೇ ಏನೋ ಅಂದುಕೊಂಡು ಹೋದ. ನೆಲ ಒರೆಸುತ್ತಿದ್ದ ಆಯಾ ಕಿಸಕ್ಕನೆ ನಕ್ಕಳು.

"ಏನಂದ ಅವನು?"

"ಏನಿಲ್ಲ ಬಿಡಿ ಅಕ್ಕಾ."

ಅವನ ಹಿಂದೆ ಬಂದ ಮುದುಕಿಯೂ ಹಾಗೆಯೇ ಒತ್ತಿದಳು. ಮಧ್ಯಾಹ್ನ ಬಂದ ಶಾಲೆಯ ಹುಡುಗಿಯೂ ಹಾಗೆಯೇ. ಆ ಹುಡುಗಿಗೆ ಸುಳ್ಳು ಹೇಳಿ ಏನಾಗಬೇಕು? ಮೂರನೆಯವಳಾದ ಮೇಲೆ ಕಿವಿಯಮ್ಮನಿಗೂ ಯಾಕೋ ಸಂಶಯ ಬಂತು. ತಾನೇ ಪೆಟ್ಟಿಗೆಯೊಳಗೆ ಹೋಗಿ, ಬಾಗಿಲು ಎಳೆದುಕೊಂಡು, ಉಸಿರು ಬಿಗಿಹಿಡಿದು ಹತ್ತು ನಿಮಿಷ ಕುಳಿತಳು. ಒಂದು ಪಿಟ್ ಎನ್ನುವ ಸದ್ದೂ ಇಲ್ಲ. ಹೊರಗೆ ಬಂದು, "ಒಳಗೆ ಮಣ್ಣೂ ಇಲ್ಲ, ಮಸಿಯೂ ಇಲ್ಲ. ಈ ಕಾಲದಲ್ಲಿ ಮುದುಕಿಯರೂ ಸುಳ್ಳು ಕಲಿತಿದ್ದಾರೆ" ಎಂದು ಘೋಷಿಸಿದಳು.

ಸಂಜೆ ನಾಲ್ಕಕ್ಕೆ ಆಯಾ ಪೆಟ್ಟಿಗೆಯೊಳಗಿನ ನೆಲ ಒರೆಸಲು ಹೋದಳು. ಮೊಣಕಾಲು ನೋವಿನವಳು, ಒರೆಸಿದ ಮೇಲೆ ಅಲ್ಲೇ ಕುರ್ಚಿಯ ಮೇಲೆ ಐದು ನಿಮಿಷ ಕೂರುವುದು ಅವಳ ರೂಢಿ. ಕುಳಿತವಳು ಅಲ್ಲಿಂದಲೇ ಕೂಗಿದಳು. "ಅಕ್ಕಾ, ಇದರೊಳಗೆ ಜೀರುಂಡೆ ಸೇರ್ಕೊಂಡಿದೆಯಲ್ಲಾ!"

"ಯಾವ ಜೀರುಂಡೆ?"

"ಯಾವುದು ಅಂದ್ರೆ? ಕಿರ್ರೋ ಅಂತ ಪ್ರಾಣ ತಿಂತಾ ಇದೆ. ಚಳಿ ಅಂತ ಒಳಗೆ ಬಂದಿರ್ಬೇಕು ಪಾಪ. ಕೇಳಿ, ಕೇಳಿ, ಈಗ ನೋಡಿ!"

ಕಿವಿಯಮ್ಮ ಒಳಗೆ ಹೋಗಿ ಆಯಾಳ ಪಕ್ಕದಲ್ಲಿ ನಿಂತಳು. ಹೆಜ್ಜೆ ಸದ್ದಿಗೆ ಅದು ಸುಮ್ಮನಾಗಿತ್ತಂತೆ. ಇಬ್ಬರೂ ಕದಲದೆ ನಿಂತರು. ಸ್ವಲ್ಪ ಹೊತ್ತಿಗೆ ಆಯಾ ಬೆರಳೆತ್ತಿ, "ಹಾಂ, ಶುರುವಾಯ್ತು" ಎಂದಳು. ಮುಖವನ್ನು ಕಿವುಚಿಕೊಂಡು, "ಅಬ್ಬಬ್ಬಾ, ಎಂಥಾ ಗಂಟಲು!" ಎಂದಳು.

ಕಿವಿಯಮ್ಮನಿಗೆ ಏನೂ ಕೇಳಿಸಲಿಲ್ಲ.

"ಎಲ್ಲಿಂದ ಬರ್ತಿದೆ ಹೇಳು" ಎಂದಳು, ದನಿ ಗಟ್ಟಿ ಮಾಡಿಕೊಂಡು.

"ಅದೇ ಗೊತ್ತಾಗ್ತಿಲ್ಲ ಅಕ್ಕಾ. ಎಲ್ಲಾ ಕಡೆಯಿಂದಲೂ ಬಂದ ಹಾಗಿದೆ."

ಅದು ಸರಿಯೇ. ಆಯಾಳಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಎಡಗಿವಿ ಪೂರ್ತಿ ಹೋಗಿತ್ತು. ಇಪ್ಪತ್ತು ವರ್ಷದ ಹಿಂದೆ ಅವಳ ಗೆರೆ ಎಳೆದವಳು ಕಿವಿಯಮ್ಮನೇ. ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆ, ಸದ್ದಿನ ದಿಕ್ಕು ಸಿಗುವುದಿಲ್ಲ. ದಿಕ್ಕಿಗೆ ಎರಡು ಕಿವಿ ಬೇಕು. ಎರಡು ಕಿವಿ ಇರುವವಳು ಪಕ್ಕದಲ್ಲೇ ನಿಂತಿದ್ದಳು, ಕಂಬದ ಹಾಗೆ.

ಕಿವಿಯಮ್ಮ ಹೆಡ್‌ಫೋನನ್ನು ಬಾಗಿಲಾಚೆಗೆ ಎಳೆದುಕೊಂಡು, ಆಯಾಳನ್ನೂ ಕರೆದುಕೊಂಡು ಹೊರಗೆ ಬಂದಳು. ಅದನ್ನು ಅವಳ ಬಲಗಿವಿಗೆ ಹಿಡಿದು, ಹೋದ ವರ್ಷದಿಂದ ಸೊರಗಿದೆ ಎಂದು ತಾನು ದೂರಿದ್ದ ಆ ತೆಳು ಸದ್ದನ್ನು ತೀರ ಮೆಲ್ಲಗೆ ಬಿಟ್ಟಳು.

"ಕೇಳ್ತಾ?"

"ಹೂಂ, ಚೆನ್ನಾಗಿ ಕೇಳ್ತಿದೆ."

ಇನ್ನೂ ತಗ್ಗಿಸಿದಳು. "ಈಗ?"

"ಈಗಲೂ ಕೇಳ್ತಿದೆ. ಯಾಕಕ್ಕಾ, ಮುಖ ಯಾಕೆ ಹಾಗೆ ಮಾಡ್ಕೊಂಡ್ರಿ?"

ಕಿವಿಯಮ್ಮ ಹೆಡ್‌ಫೋನ್ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತಳು. ರಿಪೇರಿಯವನ ತಾಯಾಣೆ, ಡ್ರೈವರನ ಬೆಪ್ಪಾದ ಮುಖ, ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಹುಡುಗಿ, ಎಲ್ಲ ಒಟ್ಟಿಗೆ ನೆನಪಾದವು. ದೀಪದ ಬುಡದಲ್ಲೇ ಕತ್ತಲೆ. ಊರಿನ ಕಿವಿಯನ್ನೆಲ್ಲ ಅಳೆದವಳ ಕಿವಿಯೇ ಹೋಗಿತ್ತು, ಅವಳೊಬ್ಬಳನ್ನು ಬಿಟ್ಟು ಒಂದು ಹುಳುವಿಗೂ ಅದು ಗೊತ್ತಾಗಿತ್ತು.

ಆಯಾ ದಡ್ಡಿಯಲ್ಲ. ಬಕೆಟ್ ಕೆಳಗಿಟ್ಟು, ಮೂಲೆಯ ಕಪಾಟಿನಿಂದ ಹುಳು ಹೊಡೆಯುವ ಸ್ಪ್ರೇ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ದನಿ ತಗ್ಗಿಸಲಿಲ್ಲ, ತಗ್ಗಿಸಿದರೆ ಕೇಳುವುದಿಲ್ಲ ಎಂದು ಅವಳಿಗೆ ಆಗಲೇ ತಿಳಿದಿತ್ತು. "ನಾಲ್ಕು ಸಲ ಹೊಡೆದು ಬಾಗಿಲು ಮುಚ್ಚಿದ್ರೆ ಬೆಳಗ್ಗೆ ಹೊತ್ತಿಗೆ ಸತ್ತಿರುತ್ತೆ. ಶುಕ್ರವಾರದೊಳಗೆ ವಾಸನೆನೂ ಹೋಗುತ್ತೆ. ಡ್ರೈವರಣ್ಣ ಬಂದಾಗ ಸರಿಯಾಗಿ ಒತ್ತುತ್ತಾನೆ, ಸರಿಯಾಗಿ ಬರ್ಕೊಡಿ. ನಾನು ಯಾರ ಹತ್ರನೂ ಬಾಯಿ ಬಿಡಲ್ಲ, ನನ್ನ ಮಕ್ಕಳಾಣೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯ. ಸೋಮವಾರದ ತಪ್ಪಿಗೆ ಕಾರಣ ಕೇಳಿದರೂ ಉತ್ತರ ಸಿದ್ಧವಿತ್ತು. ಮೆಷಿನ್ ಮೇಲೆ ಎರಡು ದೂರು ಅವಳ ಕೈಬರಹದಲ್ಲೇ ಇದ್ದವು, ಮೂರನೆಯದನ್ನು ಬರೆದರೆ ಯಾರು ಬೇಡವೆನ್ನುತ್ತಾರೆ? ಅವಳು ಆ ಪುಸ್ತಕವನ್ನು ತೆರೆದೂ ಇಟ್ಟುಕೊಂಡಳು, ಪೆನ್ನಿನ ಮುಚ್ಚಳವನ್ನೂ ತೆಗೆದಳು. ಜೀರುಂಡೆ ಸತ್ತರೆ ಸಾಕ್ಷಿ ಸತ್ತ ಹಾಗೆ. ಉಳಿದರೆ, ಕಿವಿಯೇ ಇಲ್ಲದ ಕಿವಿಯಮ್ಮನನ್ನು ಆ ಕುರ್ಚಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

"ಇವತ್ತು ಬೇಡ. ನಾಳೆ ನೋಡೋಣ" ಎಂದು ಸ್ಪ್ರೇ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅವಳ ಗಂಡ, ಚಿತ್ರಕಲೆಯ ಮೇಷ್ಟರಾಗಿ ನಿವೃತ್ತರಾದವರು, ಕಿಟಕಿ ಪಕ್ಕ ಕುಳಿತು ಮನಸ್ಸಿನಲ್ಲೇ ಪೇಪರ್ ಓದುತ್ತಿದ್ದರು. ಟೀವಿ ತನ್ನ ಪಾಡಿಗೆ ಅರಚುತ್ತಿತ್ತು. ಕಿವಿಯಮ್ಮ ಕೋಟು ಬಿಚ್ಚದೆ ಅವರ ಎದುರು ಕುಳಿತಳು.

"ರೀ, ನಿಜ ಹೇಳಿ. ನನಗೆ ಕಿವಿ ಕೇಳಲ್ವಾ?"

ಮೇಷ್ಟರು ಪೇಪರಿನ ಮೇಲಿಂದ ನೋಡಿದರು. "ಎರಡು ವರ್ಷದಿಂದ ಹೇಳ್ತಾ ಇದ್ದೀನಿ. ಅದೂ ನಿನಗೆ ಕೇಳಿಸ್ಲಿಲ್ಲ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಟೀವಿ ಜೋರು ಅಂದ್ರೆ 'ನಿಮ್ಮ ಕಿವಿ ಚುರುಕು' ಅಂತಿದ್ದೆ. ನಾನು ಮಾತಾಡಿದ್ರೆ 'ಬಾಯೊಳಗೆ ಗೊಣಗಬೇಡಿ' ಅಂತಿದ್ದೆ."

"ಮತ್ತೆ ಬೆಳಗ್ಗೆ ಪೇಪರ್ ಜೋರಾಗಿ ಓದಿ ಹೇಳ್ತಿದ್ರಲ್ಲಾ, ಅದನ್ನ ಯಾಕೆ ಬಿಟ್ರಿ?"

ಮೇಷ್ಟರು ಪೇಪರ್ ಮಡಿಸಿದರು. "ಪ್ರತಿ ಸಾಲಿಗೂ 'ಆಂ? ಆಂ?' ಅಂತಿದ್ದೆ. ಆಮೇಲೆ ನಿನಗೇ ಸಿಟ್ಟು ಬರ್ತಿತ್ತು. ನೀನು ಕಿವಿಯಮ್ಮ, ನಿನಗೆ ಕೇಳಲ್ಲ ಅಂತ ನಾನು ಹೇಳಿದ್ರೆ ನಂಬ್ತೀಯಾ? ಮಾತೇ ಕಡಿಮೆ ಮಾಡ್ಕೊಂಡೆ."

ಅವಳಿಗೆ ಅಳು ಬಂದುಬಿಟ್ಟಿತು. ಕೆಲಸ ಹೋದೀತು ಎಂದು ಬಾರದ ಅಳು ಈ ಮಾತಿಗೆ ಬಂತು. ಎರಡು ವರ್ಷ ತನ್ನ ಮನೆಯಲ್ಲೇ ಒಬ್ಬರು ಮಾತು ಉಳಿಸಿಕೊಂಡು ಬದುಕಿದ್ದಾರೆ, ತಾನು ಊರಿನವರಿಗೆ ನಾಚಿಕೆ ಬಿಡಿ ಎಂದು ಉಪದೇಶ ಮಾಡಿಕೊಂಡು ತಿರುಗುತ್ತಿದ್ದಾಳೆ! ಮೂಗು ಒರೆಸಿಕೊಂಡು ಎದ್ದು ಟೀವಿ ಆರಿಸಿದಳು. ಚೀಲದಿಂದ ಸ್ಪ್ರೇ ಡಬ್ಬಿ ತೆಗೆದು ಮೇಷ್ಟರ ಮುಂದಿಟ್ಟಳು.

"ಇದನ್ನ ಎಲ್ಲಾದ್ರೂ ಬಿಸಾಕಿ. ನಾಳೆ ಒಬ್ಬ ಸಾಕ್ಷಿಯನ್ನ ಕಾಪಾಡೋದಿದೆ."

ಮೇಷ್ಟರಿಗೆ ತಲೆಬುಡ ತಿಳಿಯಲಿಲ್ಲ. ಹೇಳಿದಳು. ಎಲ್ಲ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊನೆಗೆ ಅವಳೂ ನಕ್ಕಳು.

ಮಂಗಳವಾರ ಬೆಳಗ್ಗೆ ಎಂಟೂವರೆಗೆ ಅವಳು ಕಿವಿ ಡಾಕ್ಟರರ ಬಾಗಿಲು ತಟ್ಟಿದಳು. ವಯಸ್ಸಿನಲ್ಲಿ ಮಗನಂಥವನು. ಈ ಮೆಷಿನ್ ಹೇಗೆ ನಡೆಸಬೇಕೆಂದು ಅವನಿಗೆ ಕಲಿಸಿದ್ದೇ ಅವಳು.

"ನನ್ನ ಕಿವಿ ಪರೀಕ್ಷೆ ಮಾಡ್ಬೇಕು. ಈಗಲೇ" ಎಂದಳು.

"ನೀವೇ ಮಾಡ್ಕೊಳ್ಳಬಹುದಲ್ಲ ಅಮ್ಮಾ?"

"ತನ್ನ ಪರೀಕ್ಷೆಗೆ ತಾನೇ ಮಾರ್ಕು ಹಾಕ್ಕೊಳ್ಳೋಕಾಗುತ್ತಾ? ಏಳಿ."

ಕೋಣೆಗೆ ಬಂದ ಮೇಲೆ ಜೀರುಂಡೆಯ ವಿಷಯ ಹೇಳಿದಳು. ಡಾಕ್ಟರ್ ಪೆಟ್ಟಿಗೆಯೊಳಗೆ ತಲೆ ಹಾಕಿ ಕೇಳಿಸಿಕೊಂಡು, "ಇಷ್ಟು ಗಲಾಟೆಯಲ್ಲಿ ಪರೀಕ್ಷೆ ಹೇಗಮ್ಮಾ ಮಾಡೋದು? ಮೊದಲು ಇದನ್ನ ಓಡಿಸಬೇಕು" ಎಂದ.

"ಈ ಆಸ್ಪತ್ರೆಯಲ್ಲಿ ಇವತ್ತು ಆ ಪೆಟ್ಟಿಗೆಯೊಳಗೆ ಕೂತು ನಿಶ್ಚಿಂತೆಯಿಂದ ಪರೀಕ್ಷೆ ಮಾಡಿಸ್ಕೊಳ್ಳೋಕೆ ಸಾಧ್ಯ ಇರೋದು ನನಗೊಬ್ಬಳಿಗೇ. ನನಗೆ ಅದರ ಗಲಾಟೆ ಕೇಳಲ್ಲ" ಎಂದು ಹೇಳಿ ಒಳಗೆ ಹೋಗಿ ಕುಳಿತಳು.

ಅರ್ಧ ಗಂಟೆಯಲ್ಲಿ ಗೆರೆ ಬಂತು. ದಪ್ಪ ಸದ್ದುಗಳ ಕಡೆ ಸಮತಟ್ಟು, ತೆಳು ಸದ್ದುಗಳ ಕಡೆ ಮೆಟ್ಟಿಲಿಳಿದ ಹಾಗೆ ಕೆಳಗೆ. ಎರಡೂ ಕಿವಿಯೂ ಹಾಗೆಯೇ. ಸಾವಿರಾರು ಮಂದಿಗೆ ಅವಳೇ ಎಳೆದುಕೊಟ್ಟಿದ್ದ ಗೆರೆ ಅದು. ಡಾಕ್ಟರ್ ಗಂಟಲು ಸರಿಮಾಡಿಕೊಂಡು, "ವಯಸ್ಸಿಗೆ ಸಹಜ ಅಮ್ಮಾ..." ಎಂದು ರಾಗ ಎಳೆದ.

"ನನ್ನ ಪಾಠ ನನಗೇ ಒಪ್ಪಿಸಬೇಡಿ" ಎಂದು ಅವಳು ಎದ್ದಳು. ಗಾಜಿನ ಬೀರುವಿನಲ್ಲಿ ರೋಗಿಗಳಿಗೆ ಹಾಕಿ ತೋರಿಸುವ ಕಿವಿ ಮೆಷಿನ್‌ಗಳಿದ್ದವು. ಒಂದು ಜೋಡಿ ತೆಗೆದು, ತನ್ನ ಗೆರೆಗೆ ಹೊಂದಿಸಿ, ಎರಡೂ ಕಿವಿಗೆ ಹಾಕಿಕೊಂಡಳು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನರ ಕಿವಿಗೆ ಹಾಕಿದ್ದ ಕೈ ಅದು, ತನ್ನ ಕಿವಿಗೆ ಇದೇ ಮೊದಲು.

ಅಯ್ಯೋ! ಕಾಗದ ಸರಸರ ಎಂದಿತು. ನಲ್ಲಿಯಲ್ಲಿ ಹನಿ ಬೀಳುತ್ತಿತ್ತು, ಎಷ್ಟು ದಿನದಿಂದ ಬೀಳುತ್ತಿತ್ತೋ. ಆಯಾಳ ಬಳೆಗಳಿಗೆ ಸದ್ದಿತ್ತು. ಡಾಕ್ಟರನ ಚಪ್ಪಲಿ ಕಿರುಗುಟ್ಟುತ್ತಿತ್ತು. ಅವಳು ಬಾಯಿ ತೆರೆದುಕೊಂಡು ಅತ್ತಿತ್ತ ನೋಡಿದಳು.

"ಯಾರೂ ಉಸಿರೆತ್ತಬೇಡಿ" ಎಂದು ಹೇಳಿ ಪೆಟ್ಟಿಗೆಯೊಳಗೆ ಹೋಗಿ ದೀಪ ಆರಿಸಿ ಕಣ್ಣು ಮುಚ್ಚಿ ಕುಳಿತಳು. ಆಯಾ ಸ್ಟೀಲ್ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಆಮೇಲೆ ಬಂತು ನೋಡಿ, ಕಿರ್ರ್... ಕಿರ್ರ್... ಎಂದು. ಬಾಲ್ಯದ ಸಂಜೆಗಳಲ್ಲಿ ಕೇಳಿ, ಆಮೇಲೆ ಯಾವಾಗ ಕಳೆದುಹೋಯಿತೆಂದೂ ತಿಳಿಯದ ಸದ್ದು. ಅವಳ ಮೈ ಜುಮ್ಮೆಂದಿತು. ಇಷ್ಟು ಚಂದದ ಸದ್ದಿಗೆ ನಿನ್ನೆ ಸ್ಪ್ರೇ ಡಬ್ಬಿ ಹಿಡಿದಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ತಲೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದಳು. ಸದ್ದು ಎಡಗಿವಿಗೆ ಬಲವಾಯಿತು. ಎಡಕ್ಕೆ ತಿರುಗಿ, ಮುಂದಕ್ಕೆ ಬಾಗಿ, ಇನ್ನೂ ಕೆಳಗೆ. ಮಂಡಿಯೂರಿ ತೆವಳುತ್ತ ಗೋಡೆಯ ಬುಡಕ್ಕೆ ಹೋಗಿ, ಕಣ್ಣು ಮುಚ್ಚಿಕೊಂಡೇ ಬೆರಳಿಟ್ಟಳು. "ಇಲ್ಲಿ."

ದೀಪ ಹಾಕಿ ನೋಡಿದರೆ ಅದು ಹೆಡ್‌ಫೋನಿನ ವೈರು ಗೋಡೆಯೊಳಗಿಂದ ಬರುವ ತೂತು. ಸುತ್ತ ಬಿಗಿಯಾಗಿರಬೇಕಿದ್ದ ರಬ್ಬರ್ ಬಳೆ ಸಡಿಲವಾಗಿ ಜೋತುಬಿದ್ದಿತ್ತು. ಮೆಷಿನ್ ಕೆಟ್ಟಿದೆ ಎಂದು ಎರಡು ಸಲ ವೈರು ಕೀಳಿಸಿ, ಬೇಗ ಮುಗಿಸು ಎಂದು ರಿಪೇರಿಯವನನ್ನು ಅಟ್ಟಿದ್ದು ಯಾರು? ಜೀರುಂಡೆಗೆ ಬಾಗಿಲು ತೆಗೆದುಕೊಟ್ಟವಳು ಅವಳೇ. ಕಿವಿಯಮ್ಮ ನಾಲಿಗೆ ಕಚ್ಚಿಕೊಂಡಳು.

ತೂತಿಗೆ ಲೋಟ ಕವುಚಿ ಹಿಡಿದಳು. ಆಯಾ ಗೋಡೆಯ ಆಚೆಯಿಂದ ವೈರನ್ನು ಮೆಲ್ಲಗೆ ಅಲ್ಲಾಡಿಸಿದಳು. ಟಣ್ ಎಂದು ಲೋಟದೊಳಗೆ ಏನೋ ಹಾರಿತು. ಮುಚ್ಚಲು ಏನಾದರೂ ಬೇಕಿತ್ತು. ಕೈಗೆ ಸಿಕ್ಕಿದ್ದು ಡಾಕ್ಟರ್ ಆಗತಾನೇ ಗೆರೆ ಎಳೆದಿದ್ದ ಅವಳದೇ ದಪ್ಪ ಕಾಗದ. ಅದನ್ನೇ ಲೋಟದ ಬಾಯಿಗೆ ತೂರಿಸಿ ಎತ್ತಿ ಹಿಡಿದಳು.

"ಸಿಕ್ಕಿದ!" ಎಂದು ಕೂಗಿದ್ದು ಹೊರರೋಗಿಗಳ ಸಾಲಿನವರೆಗೂ ಕೇಳಿಸಿತಂತೆ. ಆಯಾ ಚಪ್ಪಾಳೆ ತಟ್ಟಿದಳು. ಡಾಕ್ಟರ್ ಕೂಡ ತಟ್ಟಿದ.

ಕಾಗದ ಚೂರು ಸರಿಸಿ ಮೂವರೂ ಇಣುಕಿದರು. ಕಪ್ಪಗೆ, ಉಗುರಿನಷ್ಟು. ಮೀಸೆಯಂಥ ಎರಡು ಎಳೆಗಳನ್ನು ಆಡಿಸುತ್ತ ಕುಳಿತಿತ್ತು. "ಕಿಟಕಿಯಿಂದ ಆಚೆ ಬಿಡ್ಲಾ?" ಎಂದಳು ಆಯಾ. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಮಂಜು ಕೂತಿತ್ತು.

"ಸಾಕ್ಷಿ ಹೇಳಿದವನನ್ನ ಚಳಿಗೆ ದಬ್ಬೋದಾ? ಎಲ್ಲಾದ್ರೂ ಉಂಟಾ?" ಎಂದಳು ಕಿವಿಯಮ್ಮ. ಲೋಟ ಹಿಡಿದುಕೊಂಡು ತಾನೇ ನೆಲಮಾಳಿಗೆಗೆ ಇಳಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಅಲ್ಲಿತ್ತು. ಬಿಸಿನೀರಿನ ಪೈಪುಗಳು ಗೋಡೆಯುದ್ದಕ್ಕೂ ಓಡುತ್ತಿದ್ದವು, ಯಾವ ಚಳಿಗಾಲವೂ ಅಲ್ಲಿಗೆ ಇಳಿದದ್ದಿಲ್ಲ. ಬಟ್ಟೆ ಒಗೆಯುವವನು, "ಏನಮ್ಮಾ ಅದು?" ಎಂದ. "ನಿನಗೊಬ್ಬ ಸಂಗೀತಗಾರನನ್ನ ತಂದಿದ್ದೀನಿ. ಸ್ಪ್ರೇ ಗಿಪ್ರೇ ಹೊಡೆದೀಯ ಜೋಕೆ" ಎಂದು ಹೇಳಿ, ಪೈಪಿನ ಹಿಂದಿನ ಸಂದಿಯಲ್ಲಿ ಅದನ್ನು ಬಿಟ್ಟಳು.

ಮೇಲೆ ಬಂದು ಡಾಕ್ಟರನ ಎದುರು ನೆಟ್ಟಗೆ ನಿಂತಳು. "ಈಗ ಹೇಳಿ. ನಾನು ಈ ಕುರ್ಚಿಯಲ್ಲಿ ಇರಬಹುದಾ, ಬೇಡ್ವಾ?"

"ಕನ್ನಡಕ ಹಾಕ್ಕೊಂಡವರು ಕಣ್ಣಿನ ಡಾಕ್ಟರ್ ಆಗಬಾರದು ಅಂತ ಎಲ್ಲಾದ್ರೂ ಇದೆಯಾ ಅಮ್ಮಾ?" ಎಂದ ಅವನು. "ಬೆಳಗಿನ ಮೆಷಿನ್ ಪರೀಕ್ಷೆಗೆ ಮಾತ್ರ ಆಯಾಳ ಬಲಗಿವಿಯನ್ನೂ ಸೇರಿಸ್ಕೊಳ್ಳಿ. ಮಿಕ್ಕಿದ್ದೆಲ್ಲ ನಿಮ್ಮದೇ."

ಆಯಾಳಿಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿವಿಯಮ್ಮ ದೂರಿನ ಪುಸ್ತಕ ತೆರೆದು ತನ್ನ ಎರಡೂ ದೂರುಗಳ ಕೆಳಗೆ 'ಮೆಷಿನ್ ಸರಿಯಿತ್ತು' ಎಂದು ಬರೆದಳು. ಮುದುಕಿಗೂ ಆ ಹುಡುಗಿಗೂ ಮತ್ತೊಮ್ಮೆ ಬರಲು ಹೇಳಿ ಕಳಿಸಿದಳು. ಆಮೇಲೆ ರಿಪೇರಿಯವನಿಗೆ ಫೋನ್ ಮಾಡಿದಳು. "ನಿನ್ನ ತಾಯಿಗೆ ನನ್ನ ನಮಸ್ಕಾರ ಹೇಳಪ್ಪಾ, ಅವರ ಆಣೆ ನಿಜ ಆಗಿತ್ತು. ಬಂದು ಆ ರಬ್ಬರ್ ಬಳೆ ಬಿಗಿ ಮಾಡು, ನಿಧಾನವಾಗಿ ಮಾಡು" ಎಂದಳು. ಆ ಕಡೆಯಿಂದ ಅವನು ಮೆಲ್ಲಗೆ ನಕ್ಕದ್ದೂ ಅವಳಿಗೆ ಕೇಳಿಸಿತು.

ಮರುದಿನ ಬೆಳಗ್ಗೆ ಮೇಷ್ಟರು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಜೋರಾಗಿ ಓದಿದರು. ಹವಾಮಾನವನ್ನೂ ಬಿಡಲಿಲ್ಲ. "ಅರಚಬೇಡಿ, ಕೇಳುತ್ತೆ" ಎಂದು ಅವಳು ಬೈದಳು. ಅವರಿಗೆ ಅದಕ್ಕಿಂತ ಹೆಚ್ಚಿನ ಖುಷಿ ಬೇಕಿರಲಿಲ್ಲ.

ಶುಕ್ರವಾರ ಡ್ರೈವರ್ ಬಂದ. ನಾಲ್ಕು ದಿನ ಡಿಪೋದ ಬೆಂಚಿನಲ್ಲಿ ಕುಳಿತು ಮುಖ ಬಾಡಿತ್ತು. ಪೆಟ್ಟಿಗೆಯೊಳಗೆ ಹೋಗಿ, ಗುಂಡಿ ಹಿಡಿದು, ಮದುವೆ ಹೆಣ್ಣಿನ ಹಾಗೆ ಮೈಯೆಲ್ಲ ಬಿಗಿಮಾಡಿಕೊಂಡು ಕುಳಿತ. ಕಿವಿಯಮ್ಮ ಒಂದೊಂದೇ ಸದ್ದು ಕಳಿಸಿದಳು. ಕಳಿಸಿದಾಗ ದೀಪ ಹತ್ತಿತು, ಕಳಿಸದಾಗ ಹತ್ತಲಿಲ್ಲ. ಒಂದೇ ಒಂದು ತಪ್ಪಿಲ್ಲ. ಅಷ್ಟು ಒಳ್ಳೆಯ ಕಿವಿಯನ್ನು ಅವಳು ಆ ವರ್ಷ ಕಂಡಿರಲಿಲ್ಲ.

ಹೊಸ ಕಾಗದದಲ್ಲಿ ಗೆರೆ ಎಳೆದು, ಕೆಳಗೆ ದುಂಡಗೆ ಬರೆದಳು: 'ಶ್ರವಣ ಶಕ್ತಿ ಉತ್ತಮ. ಸೋಮವಾರದ ವರದಿ ತಪ್ಪು. ತಪ್ಪು ಇವರದಲ್ಲ, ಪರೀಕ್ಷೆ ಮಾಡಿದವಳದು.' ಸಹಿ ಹಾಕಿ ಎರಡೂ ಕೈಯಿಂದ ಕೊಟ್ಟಳು.

ಡ್ರೈವರ್ ಓದಿದ. ಮತ್ತೊಮ್ಮೆ ಓದಿದ. "ಇಷ್ಟೆಲ್ಲ ಯಾಕೆ ಬರೆದ್ರಿ ಅಮ್ಮಾ, ಕಿವಿ ಸರಿ ಇದೆ ಅಂತ ಬರೆದಿದ್ರೆ ಸಾಕಿತ್ತು" ಎಂದ.

"ನಿಮಗೆ ಸಾಕು, ನನಗೆ ಸಾಲದು" ಎಂದಳು. "ಅದಿರಲಿ, ಸೋಮವಾರ ಹೋಗುವಾಗ ಏನೋ ಅಂದ್ರಲ್ಲಾ, ಏನಂದ್ರಿ?"

ಡ್ರೈವರ್ ತಲೆ ಕೆರೆದುಕೊಂಡ. ಆಯಾ ಬಕೆಟ್ಟಿನೊಳಗೆ ಮುಖ ಹುದುಗಿಸಿದಳು. "ಸಿಟ್ಟಲ್ಲಿ ಅಂದಿದ್ದು ಅಮ್ಮಾ. 'ನನ್ನ ಕಿವಿ ಬಿಟ್ಟು ಮೊದಲು ನಿಮ್ಮ ಕಿವಿ ತೋರಿಸ್ಕೊಳ್ಳಿ' ಅಂದೆ."

"ತೋರಿಸ್ಕೊಂಡೆ" ಎಂದು ಕಿವಿಯಮ್ಮ ಕೂದಲು ಹಿಂದಕ್ಕೆ ಸರಿಸಿ, ಎರಡೂ ಕಿವಿಯ ಹಿಂದಿದ್ದ ಮೆಷಿನ್‌ಗಳನ್ನು ಒಡವೆ ತೋರಿಸುವ ಹಾಗೆ ತೋರಿಸಿದಳು. ಅವಳ ಸ್ವಂತ ಗೆರೆಯ ಕಾಗದ, ಲೋಟದ ಅಂಚಿನ ದುಂಡನೆಯ ಗುರುತಿನ ಸಮೇತ, ಅವಳ ತಲೆಯ ಮೇಲಿನ ಗೋಡೆಯಲ್ಲಿ ಅಂಟಿಕೊಂಡಿತ್ತು. ನಾಚುವ ರೋಗಿಗಳಿಗೆ ಇನ್ನು ಅವಳು ಬೈಯುವ ಕಷ್ಟವಿರಲಿಲ್ಲ. ಬೆರಳು ಮೇಲಕ್ಕೆ ತೋರಿಸಿದರೆ ಸಾಕಿತ್ತು. ಆದರೂ ಬೈಯುತ್ತಿದ್ದಳು, ಅದು ಬೇರೆ ಮಾತು.

ಡ್ರೈವರ್ ಕೈಮುಗಿದು ಹೊರಟ. ಅವಳು ಮುಂದಿನ ರೋಗಿಯ ಕಾಗದಕ್ಕೆ ತಲೆ ಬಗ್ಗಿಸಿದಳು. ಅವನು ಬಾಗಿಲಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ ಆಯಾಳ ಬಲಗಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದ. "ಇನ್ಮೇಲೆ ಈ ಅಮ್ಮನ ಬೆನ್ನ ಹಿಂದೆ ಏನೂ ಅನ್ನೋ ಹಾಗಿಲ್ಲ, ಅಲ್ವಾ?"

ಕಿವಿಯಮ್ಮ ತಲೆ ಎತ್ತಲಿಲ್ಲ. "ಗೊತ್ತಾಯ್ತಲ್ಲಾ" ಎಂದಳು. "ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗಿ. ಬಸ್ಸಿಗೆ ಹೊತ್ತಾಯ್ತು."